ಹೋಗಿ ಬರ್ತೀನಿ ಅನ್ನೋದಕ್ಕೂ ಕಾಗದ ಬೇಕು

ದಾವಣಗೆರೆಯಿಂದ ಜರ್ಮನಿಯ ಸ್ಟುಟ್‌ಗಾರ್ಟಿಗೆ ಓದೋಕೆ ಹೊರಟಿರುವ ನೀವು ಕೇಳಿದ್ದು ಮೂರು: 23 ಕೆ.ಜಿ.ಯ ಎರಡು ಪೆಟ್ಟಿಗೆಗೆ ಏನೇನು ತುಂಬಲಿ, ಚಳಿ ತಡೆಯೋಕಾಗುತ್ತಾ, ಕನ್ನಡದವರು ಸಿಗ್ತಾರಾ. ಹೊರಡೋಕೆ ಇನ್ನು ಇಪ್ಪತ್ತು ದಿನ, ದಿನಾ ಒಬ್ಬೊಬ್ಬ ನೆಂಟರ ಮನೆ ಊಟ, ರಾತ್ರಿ ನಿದ್ದೆಯಿಲ್ಲ ಅಂತಲೂ ಬರೆದಿದ್ದೀರಿ. ನಿದ್ದೆಗೆ ನನ್ನ ಹತ್ತಿರ ಮದ್ದಿಲ್ಲ. ನೆಂಟರ ಊಟ ಅರ್ಧಕ್ಕೆ ಇಳಿಸಿ, ಆ ಸಂಜೆಗಳಲ್ಲಿ ಮನೆಯಲ್ಲೇ ಇರಿ.

ಚಳಿಯ ಚಿಂತೆ ಬಿಡಿ. ದಪ್ಪ ಜಾಕೆಟ್ಟು ಬೆಂಗಳೂರಲ್ಲಿ ಕೊಳ್ಳಬೇಡಿ, ಇಲ್ಲಿ ಬಂದು ಕೊಳ್ಳಿ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲಾಗುತ್ತೆ, ಅದಕ್ಕೆ ಯಾವ ಜಾಕೆಟ್ಟೂ ಇಲ್ಲ.

ಕನ್ನಡದವರು ಸಿಗ್ತಾರೆ. ಇನ್ನೊಂದು ಮಾತು, ನಮ್ಮ ನಿಘಂಟಿನ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗನ್ನಿನಲ್ಲಿ, ಸ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಮೊದಲ ರಜೆಯಲ್ಲಿ ಹೋಗಿ ಬನ್ನಿ, ಮನಸ್ಸು ಸ್ವಲ್ಪ ಹಗುರಾಗುತ್ತೆ.

ಪೆಟ್ಟಿಗೆಯ ವಿಷಯ. ತುಪ್ಪ, ಧಾರವಾಡ ಪೇಡೆ, ಹಾಲಿನದ್ದು ಯಾವುದೂ ಬೇಡ; ಯುರೋಪಿಗೆ ಹೊರಗಿನಿಂದ ಹಾಲು, ಮಾಂಸದ ಪದಾರ್ಥ ತರುವಂತಿಲ್ಲ, ಸಿಕ್ಕರೆ ಕಸದ ಬುಟ್ಟಿಗೆ. ಹಸಿ ಕರಿಬೇವಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಅಂದರೆ ಬಿಟ್ಟುಬಿಡಿ. ತುಪ್ಪಕ್ಕೆ ಅಳಬೇಡಿ: ಇಲ್ಲಿನ ಅಂಗಡಿಯಲ್ಲಿ 250 ಗ್ರಾಂ ಬೆಣ್ಣೆ ಕಟ್ಟು ಸಿಗುತ್ತೆ, ಉಪ್ಪಿಲ್ಲದ್ದು ನೋಡಿ ತಂದು ಸಣ್ಣ ಉರಿಯಲ್ಲಿ ಕಾಯಿಸಿ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ ತನ್ನಿ. ಹಿಂಗನ್ನು ಎರಡು ಕವರಿಗೆ ಹಾಕಿ, ಇಲ್ಲದಿದ್ದರೆ ಬಟ್ಟೆಯೆಲ್ಲ ಅದೇ ವಾಸನೆ. ಕುಕ್ಕರಿನ ತಳಕ್ಕೆ ಮ್ಯಾಗ್ನೆಟ್ ಹಿಡಿದು ನೋಡಿ. ಅಂಟದಿದ್ದರೆ ಇಂಡಕ್ಷನ್ ಒಲೆಯ ಮೇಲೆ ಅದು ಕಾಯೋದಿಲ್ಲ. ಮಿಕ್ಸಿ ನಡೆಯುತ್ತೆ, ಇಲ್ಲೂ 230 ವೋಲ್ಟೇ, ಆದರೆ ನಮ್ಮ ಮೂರು ಪಿನ್ನು ಇಲ್ಲಿನ ಸಾಕೆಟ್ಟಿಗೆ ಕೂರೋದಿಲ್ಲ, ಅಡಾಪ್ಟರ್ ಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ. ಅಂಕಪಟ್ಟಿಗಳ ಅಸಲು ಪ್ರತಿಯೂ ಅಷ್ಟೇ. ಬ್ಯಾಂಕಿನ ಒಟಿಪಿ ಬರುವ ಸಿಮ್ಮಿಗೆ ರೋಮಿಂಗ್ ಅಲ್ಲಿದ್ದಾಗಲೇ ಹಾಕಿಸಿ.

ನೀವು ಕೇಳದೇ ಇದ್ದದ್ದೊಂದಿದೆ. ಹೊರಡುವಾಗ ‘ಹೋಗ್ತೀನಿ’ ಅಂದರೆ ಅಮ್ಮ ಬಿಡ್ತಾರಾ? ‘ಹೋಗಿ ಬರ್ತೀನಿ’ ಅನ್ನಿಸ್ತಾರೆ. ಆ ‘ಬರ್ತೀನಿ’ಗೆ ಇಲ್ಲಿ ಕಾಗದ ಬೇಕು.

ಪಾಸ್‌ಪೋರ್ಟಿನಲ್ಲಿ ಅಂಟಿಸಿರುವ ವೀಸಾದ ಕೊನೆಯ ತಾರೀಖು ಈಗಲೇ ನೋಡಿ ಬರೆದಿಟ್ಟುಕೊಳ್ಳಿ. ಅದು ಮುಗಿಯುವ ಮುಂಚೆ ಇಲ್ಲಿ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಅದಕ್ಕೆ ಮೊದಲು ಊರಿನ ಕಚೇರಿಯಲ್ಲಿ ವಿಳಾಸ ನೋಂದಣಿ, ‘ಆನ್‌ಮೆಲ್ಡುಂಗ್’, ಮನೆ ಸೇರಿದ ಎರಡು ವಾರದೊಳಗೆ. ನೋಂದಣಿಗೆ ಮನೆ ಮಾಲೀಕರ ಸಹಿ ಇರುವ ದೃಢೀಕರಣ ಪತ್ರ ಬೇಕು. ಬಾಡಿಗೆ ಕರಾರು ತೋರಿಸಿದರೆ ಸಾಲದು. ರೂಮು ಗೊತ್ತುಮಾಡುವಾಗಲೇ ‘ಆ ಪತ್ರ ಕೊಡ್ತೀರಾ’ ಅಂತ ಕೇಳಿ. ಕೊಡಲ್ಲ ಅಂದವರ ಮನೆ ಎಷ್ಟು ಅಗ್ಗವಾದರೂ ಬೇಡ.

ಆಮೇಲೆ ಅಂಚೆಪೆಟ್ಟಿಗೆ. ಇಲ್ಲಿ ಬಹುಪಾಲು ಕಟ್ಟಡಗಳಲ್ಲಿ ಮನೆಗೆ ನಂಬರ್ ಇರೋದಿಲ್ಲ, ಪೆಟ್ಟಿಗೆ ಮೇಲಿನ ಹೆಸರು ನೋಡಿ ಕಾಗದ ಹಾಕ್ತಾರೆ. ಹೆಸರಿಲ್ಲದಿದ್ದರೆ ವಾಪಸ್. ಬ್ಯಾಂಕ್ ಕಾರ್ಡಿನ ಪಿನ್ನು, ತೆರಿಗೆ ಸಂಖ್ಯೆ, ಪರವಾನಗಿಗೆ ಇಂಥ ದಿನ ಬನ್ನಿ ಅನ್ನುವ ಕಚೇರಿಯ ಕರೆ, ಎಲ್ಲವೂ ಅಂಚೆಯಲ್ಲೇ. ನಮ್ಮವರಿಗೆ ಇನಿಷಿಯಲ್ಲಿನ ರೂಢಿ. ಇಲ್ಲಿ ಅದು ನಡೆಯೋದಿಲ್ಲ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಅಂತ ಏನಿದೆಯೋ ಅದನ್ನೇ, ಅದೇ ಸ್ಪೆಲ್ಲಿಂಗಿನಲ್ಲಿ, ಬಂದ ದಿನವೇ ಅಂಟಿಸಿ. ಅಪ್ಪನ ಹೆಸರಿದ್ದರೆ ಅಪ್ಪನ ಹೆಸರು, ಊರಿನ ಹೆಸರಿದ್ದರೆ ಊರು.

ನಾನು ಅಂಟಿಸಿರಲಿಲ್ಲ. ಕರೆಯ ಕಾಗದ ವಾಪಸ್ ಹೋಯಿತು, ವೀಸಾ ಮುಗಿಯಿತು, ಆ ವಾರವೇ ಅಪ್ಪ ಹೋದರು. ಹೊರಡಬಹುದಿತ್ತು, ಮರಳಿ ಬರೋಕೆ ಕೈಯಲ್ಲಿ ಏನೂ ಇರಲಿಲ್ಲ. ಹೊರಡಲಿಲ್ಲ.

ಪರವಾನಗಿ ಕೈಗೆ ಬರೋಕೆ ತಿಂಗಳುಗಳಾಗಬಹುದು. ಅಷ್ಟರಲ್ಲಿ ವೀಸಾ ಮುಗಿಯುವಂತಿದ್ದರೆ ‘ಫಿಕ್ಷನ್ಸ್‌ಬೆಶೈನಿಗುಂಗ್’ ಅನ್ನುವ ಮಧ್ಯಂತರ ಪತ್ರ ಕೇಳಿ ಪಡೆಯಿರಿ. ಪಡೆದ ಮೇಲೆ ಕಿಟಕಿಯ ಮುಂದೆ ನಿಂತೇ ಓದಿ: ಇಲ್ಲಿನ ವಾಸದ ಕಾಯ್ದೆಯ ಕಲಂ 81ರ 4ನೇ ಉಪಕಲಮಿಗೆ ಗುರುತಿದ್ದರೆ ಭಾರತಕ್ಕೆ ಹೋಗಿ ಮರಳಬಹುದು. 3ನೆಯದಕ್ಕಿದ್ದರೆ ಅದು ಇಲ್ಲಿ ಇರೋಕಷ್ಟೇ, ಮರುಪ್ರವೇಶಕ್ಕಲ್ಲ. ವೀಸಾ ಮುಗಿಯುವ ಮೊದಲೇ ಅರ್ಜಿ ಹಾಕಿದವರಿಗೆ ಸಿಗಬೇಕಾದ್ದು 4ನೆಯದು. ಅರ್ಜಿ ಕಳಿಸಿದ ತಾರೀಖಿಗೆ ಪುರಾವೆ ಇಟ್ಟುಕೊಳ್ಳಿ.

ವೀಸಾಕ್ಕೆಂದು ಮೊದಲೇ ದುಡ್ಡು ಕಟ್ಟಿಟ್ಟ ಬ್ಲಾಕ್ಡ್ ಅಕೌಂಟಿನಿಂದ ತಿಂಗಳಿಗಿಷ್ಟು ಅಂತಲೇ ದುಡ್ಡು ಬಿಡ್ತಾರೆ, ತುರ್ತಿಗೆ ಅದನ್ನು ನಂಬಬೇಡಿ. ಊರಿಗೊಂದು ಟಿಕೆಟ್ಟಿನ ದುಡ್ಡು ಬೇರೆ ಇರಲಿ, ಏನೇ ಆದರೂ ಮುಟ್ಟಬೇಡಿ. ಮನೆಯಲ್ಲಿ ಅಪ್ಪನ ಖಾತೆಗೆ ಅಮ್ಮನ ಹೆಸರು ಸೇರಿದೆಯಾ, ಆರೋಗ್ಯ ವಿಮೆಯ ಕಾರ್ಡು ಎಲ್ಲಿದೆ, ರಾತ್ರಿ ಎರಡು ಗಂಟೆಗೆ ಕರೆದರೆ ಬರುವ ಪಕ್ಕದ ಮನೆಯವರ ನಂಬರ್ ನಿಮ್ಮ ಫೋನಿನಲ್ಲಿದೆಯಾ, ಈ ಇಪ್ಪತ್ತು ದಿನದಲ್ಲಿ ನೋಡಿ. ಪೆಟ್ಟಿಗೆಯನ್ನು ಕೊನೆಯ ಎರಡು ದಿನದಲ್ಲೂ ತುಂಬಬಹುದು.

ಅಕ್ಟೋಬರ್ ಕೊನೆಯ ಭಾನುವಾರದಿಂದ ಇಲ್ಲಿಗೂ ಊರಿಗೂ ನಾಲ್ಕೂವರೆ ಗಂಟೆ ಅಂತರ. ಸಂಜೆ ಆರಕ್ಕೆ ಕ್ಲಾಸು ಮುಗಿಸಿ ಫೋನ್ ಮಾಡಿದರೆ ಅಲ್ಲಿ ಹತ್ತೂವರೆ, ಅಮ್ಮ ನಿದ್ದೆಗಣ್ಣಲ್ಲಿ ‘ಊಟ ಆಯ್ತಾ’ ಅಂತ ಮಾತ್ರ ಕೇಳ್ತಾರೆ. ಬೆಳಿಗ್ಗೆ ಏಳೂವರೆಗೆ ಮಾಡಿ. ಅಲ್ಲಿ ಹನ್ನೆರಡು, ಅಡುಗೆಮನೆಯಲ್ಲಿರ್ತಾರೆ, ಒಗ್ಗರಣೆ ಸದ್ದೂ ಕೇಳಿಸುತ್ತೆ.