ಟೆಸ್ಟ್‌ನಲ್ಲೇ ಜನರೇಟರ್ ಕೈಕೊಟ್ಟರೆ ಹೆದರಬೇಕಾ?

ಅಮೆರಿಕದ ಅಣುಸ್ಥಾವರವೊಂದರಲ್ಲಿ ಟೆಸ್ಟ್ ಮಾಡುವಾಗಲೇ ತುರ್ತು ಡೀಸೆಲ್ ಜನರೇಟರ್ ಕೈಕೊಟ್ಟಿತು, ಇದು ಅಪಾಯವಾ ಅಂತ ಕೇಳಿದ್ದೀರಿ. ಟೆಸ್ಟ್‌ನಲ್ಲೇ ಕೈಕೊಟ್ಟಿದ್ದು ಒಳ್ಳೆಯದಾಯಿತು ಅನ್ನಿ. ಟೆಸ್ಟ್ ಇರುವುದೇ ಅದಕ್ಕಲ್ವಾ? ಒಂದು ಕೆಟ್ಟರೆ ಇನ್ನೊಂದು ಇದ್ದೇ ಇರುತ್ತದೆ. ನನಗೆ ಭಯ ಹುಟ್ಟಿಸುವುದು ಟೆಸ್ಟ್ ಪಾಸಾಗಿ, ಕರೆಂಟ್ ಹೋದ ದಿನ ನಿಲ್ಲುವ ಜನರೇಟರ್.

2011ರ ಆಗಸ್ಟ್ 23ರಂದು ವರ್ಜೀನಿಯಾದಲ್ಲಿ 5.8 ತೀವ್ರತೆಯ ಭೂಕಂಪ ಆಯಿತು. ಅಲ್ಲಿನ ನಾರ್ತ್ ಆನಾ ಅಣುಸ್ಥಾವರಕ್ಕೆ ಹೊರಗಿನ ಕರೆಂಟ್ ಹೋಯಿತು. ನಾಲ್ಕೂ ಡೀಸೆಲ್ ಜನರೇಟರ್ ಶುರುವಾದವು. ಸುಮಾರು ಮುಕ್ಕಾಲು ಗಂಟೆ ಓಡಿದ ಮೇಲೆ ಒಂದರಲ್ಲಿ ಕೂಲೆಂಟ್ (ಅದರ ಎಂಜಿನ್ ತಣ್ಣಗಿಡುವ ದ್ರವ) ಸೋರಿತು, ನಿಲ್ಲಿಸಬೇಕಾಯಿತು. ಕಾರಣ ಭೂಕಂಪವಲ್ಲ ಮಾರಾಯ್ರೇ, ಹಿಂದಿನ ರಿಪೇರಿಯಲ್ಲಿ ಸರಿಯಾಗಿ ಕೂರಿಸದ ಒಂದು ಗ್ಯಾಸ್ಕೆಟ್, ಅಂದರೆ ಸೋರದಂತೆ ತಡೆಯುವ ಪಟ್ಟಿ! ಸ್ಥಾವರದಲ್ಲಿದ್ದ ಐದನೆಯ ಜನರೇಟರ್ ಹಚ್ಚಿ ಸುಧಾರಿಸಿದರು.

ರಿಯಾಕ್ಟರ್ ನಿಲ್ಲಿಸಿದ ಕ್ಷಣದಲ್ಲೂ ಪೂರ್ತಿ ಓಡುವಾಗಿನ ಶಾಖದ ಸುಮಾರು ಶೇ. 6ರಷ್ಟು ಹುಟ್ಟುತ್ತಲೇ ಇರುತ್ತದೆ. ಅದನ್ನು ತಣಿಸಲು ಪಂಪ್ ಓಡಲೇಬೇಕು. ಅದಕ್ಕೇ ಈ ಡೀಸೆಲ್‌ಗಳು ಸುಮಾರು 10 ಸೆಕೆಂಡಿನಲ್ಲಿ ರೆಡಿಯಾಗಬೇಕು, ಮನೆಯ ಜನರೇಟರ್ ತರಹ ಸುಮ್ನೆ ಹಗ್ಗ ಎಳೆದು ನೋಡೋಣ ಅನ್ನುವ ಹಾಗಿಲ್ಲ.

ಅಂದಹಾಗೆ, ನೀವು ಹೇಳಿದ್ದು ಶುರುವೇ ಆಗಲಿಲ್ವಾ, ಓಡುತ್ತಾ ನಿಂತಿತಾ? ಎರಡಕ್ಕೂ ಕಾರಣ ಬೇರೆ ಬೇರೆ ಇರುತ್ತದೆ.