ಯಾವ ಲೇಪನ ಅಂತ ಕೇಳುವ ಮೊದಲು ಜಾಲರಿ ಕತ್ತರಿಸಿ ನೋಡಿ

ಎಂ.ಟೆಕ್ ಪ್ರಾಜೆಕ್ಟ್‌ಗೆ 3ಡಿ ಪ್ರಿಂಟ್ ಮಾಡಿದ, ಮೂಳೆಗೆ ಕೂರಿಸುವ ಟೈಟಾನಿಯಂ ಇಂಪ್ಲಾಂಟ್ ಮೇಲೆ ಹೈಡ್ರಾಕ್ಸಿಅಪಟೈಟ್ (ಮೂಳೆಯಲ್ಲಿರುವಂಥದೇ ಖನಿಜ) ಲೇಪನ ಹಾಕಲೋ, ಬ್ಯಾಕ್ಟೀರಿಯಾ ಕೊಲ್ಲುವ ಬೆಳ್ಳಿ ಹಾಕಲೋ ಅಂತ ಕೇಳಿದ್ದೀರಿ. ಹುಬ್ಬಳ್ಳಿಯಲ್ಲಿ ಓದುವಾಗ ನಾನೂ ಇದೇ ಪ್ರಶ್ನೆ ಹಿಡಿದು ಗೈಡ್ ಸರ್ ಹತ್ತಿರ ಹೋಗಿದ್ದೆ. ಮೂಳೆ ಬೇಗ ಕೂಡಿಕೊಳ್ಳಲಿ ಅಂತ ಹೈಡ್ರಾಕ್ಸಿಅಪಟೈಟ್ ಆರಿಸಿ, ಹೊರಗಿನ ಲ್ಯಾಬ್‌ನಲ್ಲಿ ಪ್ಲಾಸ್ಮಾ ಸ್ಪ್ರೇ ಮಾಡಿಸಿದೆ, ಅಂದರೆ ಅದರ ಪುಡಿಯನ್ನು ತುಂಬಾ ಬಿಸಿ ಅನಿಲದಲ್ಲಿ ಕರಗಿಸಿ ಎರಚಿಸಿದೆ.

ಎಡವಿದ್ದು ಟೆಸ್ಟ್‌ನಲ್ಲಿ. ನಾನು ಪರೀಕ್ಷೆ ಮಾಡಿದ್ದು ಚಪ್ಪಟೆ ಬಿಲ್ಲೆಗಳನ್ನು. ಅಂಟು ಹಚ್ಚಿ ಎಳೆದರೂ ಲೇಪನ ಬಿಡಲಿಲ್ಲ. ಆದರೆ ಇಂಪ್ಲಾಂಟ್ ಬಿಲ್ಲೆಯಲ್ಲ, ಅರ್ಧ ಮಿಲಿಮೀಟರ್ ಆಸುಪಾಸಿನ ರಂಧ್ರಗಳ ಜಾಲರಿ. ವೈವಾ ಹತ್ತಿರ ಬಂದ ಮೇಲೆ ಅದನ್ನು ರೆಸಿನ್‌ನಲ್ಲಿ ಕೂರಿಸಿ, ಅಡ್ಡ ಕತ್ತರಿಸಿ, ಧಾರವಾಡದಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ಗೆ ಇಟ್ಟೆವು. ಮೇಲ್ಗಡೆ ಮಾತ್ರ ಲೇಪನ, ಒಳಗೆ ಬರೀ ಲೋಹ. ಪ್ಲಾಸ್ಮಾ ಗನ್ ತನ್ನ ನೇರಕ್ಕೆ ಬಂದದ್ದಕ್ಕಷ್ಟೇ ಬಳಿಯುತ್ತದೆ, ಕಡ್ಡಿಗಳ ಹಿಂಬದಿ ಅದಕ್ಕೆ ಸಿಗುವುದೇ ಇಲ್ಲ. ಇನ್ನೂ ಒಂದು ಕಂಡಿತು. ಪ್ರಿಂಟರ್ ಲೋಹದ ಪುಡಿಯನ್ನು ಲೇಸರ್‌ನಿಂದ ಕರಗಿಸಿ ಕಟ್ಟುತ್ತದೆ; ಪೂರ್ತಿ ಕರಗದ ಪುಡಿಯ ಕಾಳುಗಳು ಸಜ್ಜಿ ರೊಟ್ಟಿ ಮೇಲಿನ ಎಳ್ಳಿನ ಹಾಗೆ ಕಡ್ಡಿಗೆ ಅಂಟಿಕೊಂಡಿದ್ದವು. ಲೇಪನ ಕೂತಿದ್ದು ಆ ಕಾಳುಗಳ ಮೇಲೆ. ಕಾಳು ಉದುರಿದರೆ ಲೇಪನವೂ ಉದುರುತ್ತದೆ. ರೋಗಿಯ ಮೈಯೊಳಗೆ ಹಾಗಾದರೆ? ಪ್ರಿಂಟ್ ಮಾಡಿಸಿದ ದುಡ್ಡೂ ಹೋಯಿತು, ಸೆಮಿಸ್ಟರೂ ಹೋಯಿತು.

ಹಾಗಾಗಿ ಯಾವ ಲೇಪನ ಅನ್ನುವುದನ್ನು ಪಕ್ಕಕ್ಕಿಡಿ. ಒಳಗಿನವರೆಗೆ ಮುಟ್ಟಿಸುವುದು ಹೇಗೆ ಅಂತ ಮೊದಲು ಯೋಚಿಸಿ. ಆಸಿಡ್‌ನಿಂದ ಆ ಕಾಳುಗಳನ್ನು ತೆಗೆಸಿ. ಸಾಮಾನ್ಯವಾಗಿ ಅದರಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇರುತ್ತದೆ, ಚರ್ಮಕ್ಕೆ ತಾಗಿದರೆ ಮೂಳೆಯವರೆಗೂ ಇಳಿಯುತ್ತದೆ. ಒಬ್ಬರೇ ಮಾಡಲೇಬೇಡಿ. ಆ ಸುಟ್ಟಗಾಯಕ್ಕೆ ತಕ್ಷಣ ಹಚ್ಚುವ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಪಕ್ಕದಲ್ಲಿಲ್ಲದೆ ಬಾಟಲಿ ಮುಚ್ಚಳ ತೆಗೆಯಬೇಡಿ.

ಆಮೇಲೆ ದ್ರವದಲ್ಲಿ ಮುಳುಗಿಸುವ ದಾರಿ ಹಿಡಿಯಿರಿ. ಜಪಾನಿನ ವಿಜ್ಞಾನಿ ಕೊಕುಬೊ 1990ರ ದಶಕದಲ್ಲೇ ತೋರಿಸಿದ್ದಾರೆ: ಟೈಟಾನಿಯಂ ಅನ್ನು 60 ಡಿಗ್ರಿಯ ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸಿ, 600 ಡಿಗ್ರಿಗೆ ಕಾಯಿಸಿ, ರಕ್ತದಲ್ಲಿರುವಂಥ ಲವಣಗಳ ದ್ರವದಲ್ಲಿ ಇಟ್ಟರೆ ಅಪಟೈಟ್ ತಾನಾಗಿ ಬೆಳೆಯುತ್ತದೆ. ದ್ರವ ನುಗ್ಗಿದಲ್ಲೆಲ್ಲ ಬೆಳೆಯುತ್ತದೆ!

ಬೆಳ್ಳಿ ಬೇಕು, ಆದರೆ ಚೂರೇ ಚೂರು. ಇಂಪ್ಲಾಂಟ್ ಮೇಲೆ ಜಾಗ ಹಿಡಿಯಲು ಬ್ಯಾಕ್ಟೀರಿಯಾಗೂ ನಮ್ಮ ಜೀವಕೋಶಗಳಿಗೂ ಪೈಪೋಟಿ ಅಂತ ಅಮೆರಿಕದ ಮೂಳೆ ತಜ್ಞ ಗ್ರಿಸ್ಟಿನಾ 1987ರಲ್ಲೇ ಬರೆದಿದ್ದಾರೆ. ಬೆಳ್ಳಿ ಜಾಸ್ತಿಯಾದರೆ ಎರಡೂ ಸಾಯುತ್ತವೆ. ಬ್ಯಾಕ್ಟೀರಿಯಾ ಸತ್ತ ಫೋಟೊ ಒಂದನ್ನೇ ತೋರಿಸಿ ಸುಮ್ನೆ ಖುಷಿಪಡಬೇಡಿ, ಅದೇ ಬ್ಯಾಚಿನ ಸ್ಯಾಂಪಲ್ ಮೇಲೆ ಮೂಳೆಕೋಶ ಬದುಕುತ್ತವಾ ಅಂತಲೂ ನೋಡಿಸಿ. ಬಿಲ್ಲೆ ಸಾಕು ಅಂತ ಗೈಡ್ ಹೇಳಿದರೆ ಒಪ್ಪಬೇಡಿ. ಒಂದು ಜಾಲರಿಯನ್ನು ಈ ಸೆಮಿಸ್ಟರ್ ಶುರುವಿನಲ್ಲೇ ಕತ್ತರಿಸಿಬಿಡಿ.