ಮುರುಗಲು ಸಿರಪ್‌ಗೆ ಸುಕ್ರಲೋಸ್: ಸಿಹಿ ಬರುತ್ತದೆ, ರಸ ಬಿಡುವುದಿಲ್ಲ

ಶಿರಸಿಯಲ್ಲಿ ಮುರುಗಲು ಸಿರಪ್ ಮಾಡಿ ಮಾರುವ ನೀವು, ಸಕ್ಕರೆಯ ಬದಲು ಪೂರ್ತಿ ಸುಕ್ರಲೋಸ್ ಎಂಬ ಕೃತಕ ಸಿಹಿಕಾರಕ ಹಾಕಬಹುದೇ ಎಂದು ಕೇಳಿದ್ದೀರಿ. ಸಿಹಿಯ ಮಟ್ಟಿಗೆ ತೊಂದರೆಯಿಲ್ಲ. ಅದು ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ. ಒಂದು ಕಿಲೋ ಸಕ್ಕರೆಯ ಜಾಗಕ್ಕೆ ಎರಡು ಗ್ರಾಮ್‌ಗೂ ಕಡಿಮೆ ಸಾಕು. ಮುರುಗಲಿನ ಹುಳಿಗೂ ಜಗ್ಗುವುದಿಲ್ಲ.

ಆದರೆ ಭರಣಿಯನ್ನು ನೆನಪಿಸಿಕೊಳ್ಳಿ. ಸಿಪ್ಪೆಯ ಮೇಲೆ ಸಕ್ಕರೆ, ಅದರ ಮೇಲೆ ಮತ್ತೆ ಸಿಪ್ಪೆ ಹಾಸಿ ಬಿಸಿಲಿಗಿಟ್ಟರೆ ಕೆಂಪು ರಸ ತಾನಾಗಿ ಇಳಿಯುತ್ತದಲ್ಲ, ಅದನ್ನು ಎಳೆದು ತೆಗೆಯುವುದೇ ಸಕ್ಕರೆ. ಮಳೆಗಾಲದಲ್ಲಿ ಕೆಡದಂತೆ ಕಾಯುವುದೂ ಅದೇ. ಚಿಟಿಕೆ ಸುಕ್ರಲೋಸ್‌ಗೆ ಈ ಎರಡೂ ಕೆಲಸ ಬಾರದು. ನಾನೂ ಒಮ್ಮೆ ಹಟ ಹಿಡಿದು ಹತ್ತು ಬಾಟಲಿ ಮಾಡಿದ್ದೆ; ವಾರದೊಳಗೆ ಎಲ್ಲದರ ಮೇಲೂ ಬಿಳಿ ಬೂಷ್ಟು.

ಸಿರಪ್ ಬಿಡಿ. ಸಿಪ್ಪೆಯನ್ನು ನೀರಿನಲ್ಲಿ ನೆನೆಸಿ ರಸ ತೆಗೆದು, ಸುಕ್ರಲೋಸ್ ಬೆರೆಸಿ, ಪಾಶ್ಚರೀಕರಿಸಿ (ಸೂಕ್ಷ್ಮಜೀವಿ ಸಾಯುವಂತೆ ಹದವಾಗಿ ಬಿಸಿಮಾಡಿ), ನೇರವಾಗಿ ಕುಡಿಯುವ ಪಾನೀಯವಾಗಿ ಸಣ್ಣ ಬಾಟಲಿಗೆ ತುಂಬಿ. ಸುಕ್ರಲೋಸ್ ಪುಡಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಬೇಡಿ, 0.01 ಗ್ರಾಮ್ ತೋರಿಸುವುದು ಬೇಕು. ಚಹಾಕ್ಕೆ ಹಾಕಲು ಅಂಗಡಿಯಲ್ಲಿ ಸಿಗುವ ಸುಕ್ರಲೋಸ್ ಪೊಟ್ಟಣಗಳಲ್ಲಿ ಬೇರೆ ಪುಡಿಯೇ ಹೆಚ್ಚಿರುವುದರಿಂದ ಈ ಲೆಕ್ಕ ಅವಕ್ಕೆ ಹೊಂದುವುದಿಲ್ಲ. ಲೇಬಲ್‌ನಲ್ಲಿ ಸಿಹಿಕಾರಕದ ಹೆಸರು ನಮೂದಿಸಲೇಬೇಕು. ಗರಿಷ್ಠ ಪ್ರಮಾಣವನ್ನು ಎಫ್‌ಎಸ್‌ಎಸ್‌ಎಐ (ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮಗಳಲ್ಲಿ ನೋಡಿಕೊಂಡೇ ಮುಂದುವರಿಯಿರಿ.